ಒಂದೇ ಉಪ್ಪಿನ ನಲವತ್ತೊಂದು ಸೀಸೆ

ಉಪ್ಪಿಲ್ಲದ ಆ ವಾರ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ಕೂತಿದ್ದೇನೆ. ಈಗಾಗಲೇ ಎರಡು ಸಲ ಬರೆದು ಹರಿದು ಹಾಕಿದೆ. ಮೊದಲ ಸಲ ನನ್ನದೇನೂ ತಪ್ಪಿಲ್ಲ ಅನ್ನುವ ಹಾಗೆ ಬಂತು. ಎರಡನೆಯ ಸಲ ಊರಲ್ಲಿ ಆದದ್ದೆಲ್ಲ ನನ್ನಿಂದಲೇ ಅನ್ನುವ ಹಾಗೆ ಬಂತು. ಅದೂ ಒಂದು ಥರದ ಜಂಬವೇ ಅನ್ನಿಸಿತು.

ನಮ್ಮೂರಿನ ಬಾಗಿಲುಗಳಿಗೆ ಕೀಲಿ ಇಲ್ಲ. ಪ್ರತಿ ಬಾಗಿಲಿನ ಚೌಕಟ್ಟಿನಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲಿದೆ, ಅದರ ಪಕ್ಕದ ಗೂಡಿನಲ್ಲಿ ಮನೆಯವರ ಉಪ್ಪು. ಒಂದು ಚಿಟಿಕೆ ಉಪ್ಪನ್ನು ಕಲ್ಲಿಗೆ ಹಾಕಿ, ಬಾಯಿ ಹತ್ತಿರ ತಂದು, ತಮ್ಮ ಒಳಮಾತನ್ನು ಮೆಲ್ಲಗೆ ಹೇಳಬೇಕು. ಕಲ್ಲು ಒಂದು ಸುತ್ತು ತಿರುಗಿ ಪುಡಿ ಉದುರಿಸುತ್ತದೆ. ಆ ಪುಡಿಯ ಬಣ್ಣ ಚೌಕಟ್ಟಿನೊಳಗೆ ತುಂಬಿಟ್ಟ ಪುಡಿಯ ಬಣ್ಣಕ್ಕೆ ಕೂಡಿದರೆ ಬಾಗಿಲು ತೆರೆಯುತ್ತದೆ. ಕೂಡದಿದ್ದರೆ ಬಾಗಿಲು ಕೂಗುತ್ತದೆ. ಕರು ಕಳೆದುಕೊಂಡ ಎಮ್ಮೆಯ ಹಾಗೆ ಅದು ಕೂಗುವಾಗ ಓಣಿಗೆ ಓಣಿಯೇ ಹೊರಗೆ ಬಂದು ನಿಲ್ಲುತ್ತದೆ. ಹಾಗಾಗಿ ಇನ್ನೊಬ್ಬರ ಬಾಗಿಲಲ್ಲಿ ನಿಂತು, ಇದಿರಬಹುದೇ ಅದಿರಬಹುದೇ ಎಂದು ಯಾರೂ ಊಹಿಸಲು ಹೋಗುವುದಿಲ್ಲ. ಉಪ್ಪು ಗುಟ್ಟಲ್ಲ, ಹಾದಿಯಲ್ಲಿ ಹೋಗುವವರು ನೆಕ್ಕಿ ನೋಡಿದರೂ ಅಡ್ಡಿಯಿಲ್ಲ. ಪುಡಿಯೂ ಗುಟ್ಟಲ್ಲ. ಪುಡಿಯಿಂದ ಮಾತನ್ನು ತಿರುಗಿ ಹೊರಗೆ ತೆಗೆದವರನ್ನು ನಾನಂತೂ ಕಂಡಿಲ್ಲ. ಗುಟ್ಟು ಮಾತು ಮಾತ್ರ.

ಹೊಸ ಮಾತು ಇಟ್ಟುಕೊಳ್ಳುವವರು ಕಚೇರಿಗೆ ಬರಬೇಕು. ಅಲ್ಲಿ ಕಟ್ಟೆಯ ಹಿಂದೆ ಕೂರುವವಳು ನಾನು. ಊರಾಚೆಯ ಉಪ್ಪಿನ ಮಡಿಯಲ್ಲಿ ಒಂದು ಹರಳಿನಂತೆ ಇನ್ನೊಂದು ಹುಟ್ಟುವುದಿಲ್ಲ. ಬಂದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹರಳು ಆರಿಸಿ, ಒಂದು ಚೂರು ಮುರಿದು ಕಚೇರಿಯ ಕಲ್ಲಿಗೆ ಹಾಕುತ್ತೇನೆ. ಆಮೇಲೆ ಎರಡೂ ಕಿವಿಗೆ ಅರಳೆ ಇಟ್ಟುಕೊಂಡು ಗೋಡೆಯ ಕಡೆ ತಿರುಗುತ್ತೇನೆ. ಅವರು ಹೇಳಿ ಮುಗಿಸಿ ನನ್ನ ಬೆನ್ನು ಮುಟ್ಟುತ್ತಾರೆ. ಮುರಿದುಳಿದ ಹರಳು ಅವರ ಗೂಡಿಗೆ, ಉದುರಿದ ಪುಡಿಯಲ್ಲಿ ಅರ್ಧ ಅವರ ಚೌಕಟ್ಟಿಗೆ ಹೋಗುತ್ತದೆ. ಉಳಿದರ್ಧ ಹೆಸರು ಬರೆದ ಸೀಸೆಯಲ್ಲಿ ನಮ್ಮ ಕಪಾಟಿಗೆ. ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ. ಒಂದೇ ಒಂದು ಮಾತು ಕಿವಿಗೆ ಬಿದ್ದಿಲ್ಲ.

ನಾನು ಓದಿದ್ದು ಸಂಜೆ ಶಾಲೆಯಲ್ಲಿ. ಹಗಲೆಲ್ಲ ಹಪ್ಪಳ ಒತ್ತಿ, ಸಂಜೆ ಹಿಟ್ಟಿನ ಕೈಯಲ್ಲೇ ಪುಸ್ತಕ ಹಿಡಿದು ಎರಡು ವರ್ಷ ಕಲಿತೆ. ಒಬ್ಬರಿಗೆ ಒಂದು ಹರಳು ಎಂಬ ನಿಯಮ ಪುಸ್ತಕದಲ್ಲಿತ್ತು, ಬಾಯಿಪಾಠ ಮಾಡಿದ್ದೆ. ಯಾಕೆ ಎಂಬ ಪಾಠ ಆದ ದಿನ ತಂಗಿಯ ಹೆರಿಗೆಗೆ ಹೋಗಿದ್ದೆ. ಮರುದಿನ ಮಾಸ್ತರನ್ನು ಕೇಳಲು ನಾಚಿಕೆಯಾಯಿತು. ಅದರ ಮರುದಿನ ಇನ್ನೂ ಹೆಚ್ಚು ನಾಚಿಕೆಯಾಯಿತು. ಹೀಗೆ ಕೇಳದೆಯೇ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರಿದೆ.

ಹೋದ ಚಳಿಗಾಲದಲ್ಲಿ ಕಮಾನು ಓಣಿಗೆ ಬೆಂಕಿ ಬಿದ್ದು ನಲವತ್ತು ಮನೆಗಳ ಬಾಗಿಲು ಸುಟ್ಟವು. ಬಡಗಿಗಳು ಹೊಸ ಬಾಗಿಲು ಕೂರಿಸಿದರು. ಅಷ್ಟು ಜನ ಹೊಸ ಪುಡಿಗಾಗಿ ಕಚೇರಿಗೆ ಬಂದರು. ಅದೇ ವಾರ ಮಡಿಗೆ ಕಾಲುವೆಯ ನೀರು ನುಗ್ಗಿ ಹರಳೆಲ್ಲ ಕರಗಿತ್ತು. ಕಚೇರಿಯ ಕೋಣೆಯಲ್ಲಿ ಉಳಿದಿದ್ದು ತೆಂಗಿನಕಾಯಿ ಗಾತ್ರದ ಒಂದೇ ಒಂದು ಗಟ್ಟಿ. ಹಿರಿಯ ಗುಮಾಸ್ತರಾದ ಮಹಾರುದ್ರಪ್ಪನವರು ಬೀಗರ ಊರಿಗೆ ಹೋಗಿದ್ದರು. ಕೇಳಲು ಯಾರೂ ಇರಲಿಲ್ಲ. ಸರದಿ ಮಾತ್ರ ಮೆಟ್ಟಿಲು ಇಳಿದು ಬೀದಿಯವರೆಗೆ ಹೋಗಿತ್ತು.

"ಏನ್ ಬಾಯಾರ, ನಮ್ಮ ಮನಿ ಬಾಗಲಾ ಮೂರು ದಿನದಿಂದ ಹಾರು ಹೊಡದು ಕುಂತೈತಿ. ನಾಯಿ ಒಳಗ ಬಂದು ಹೊರಗ ಹೊಂಟಾವ," ಎಂದ ಸರದಿಯ ಮುಂದಿನವನು.

"ನಿಮ್ಮ ಮನ್ಯಾಗ ನಾಯಿಗೆ ತಿನ್ನಾಕ ಏನ್ ಸಿಗತೈತಿ ಬಿಡ. ನೋಡಿ ಬ್ಯಾಸರಾಗಿ ಹೋಗಿರ್ತಾವ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಗಿಲು ಭದ್ರವಿಲ್ಲದೆ ಮಲಗುವ ಆ ಹೆಂಗಸರು, ಮುದುಕರು ನನ್ನ ಮುಖ ನೋಡುತ್ತ ನಿಂತಿದ್ದರು. ಉಪ್ಪು ಉಪ್ಪೇ ಅಲ್ಲವೇ ಎಂದುಕೊಂಡೆ. ನಮ್ಮ ಜವಾನ ಯಮನೂರಪ್ಪನನ್ನು ಕರೆದು ಆ ಗಟ್ಟಿಯನ್ನು ಅಂಗಳದ ಒರಳಿನಲ್ಲಿ ಕುಟ್ಟಲು ಹೇಳಿದೆ. ಎಲ್ಲರಿಗೂ ಅದರಿಂದಲೇ ಒಂದೊಂದು ಹಿಡಿ ಕೊಟ್ಟೆ. ಸಂಜೆಯ ಹೊತ್ತಿಗೆ ನಲವತ್ತು ಸೀಸೆ ಆದವು. ಕೊನೆಗೆ ಯಮನೂರಪ್ಪ ಕೈ ಒರೆಸಿಕೊಂಡು ಬಂದು, "ಅಕ್ಕಾರ, ನಂದೂ ಒಂದು ಮಾಡಿಬಿಡ್ರಿ. ಖೋಲಿ ಬದಲು ಮಾಡೀನಿ," ಎಂದ. ಅವನದು ನಲವತ್ತೊಂದನೆಯದು. ಅಂದು ಜನ ನನ್ನನ್ನು ಹೊಗಳಿ ಹೋದರು. ಒಬ್ಬಾಕೆ ಮಜ್ಜಿಗೆ ತಂದುಕೊಟ್ಟಳು. ಹೊಗಳಿಸಿಕೊಂಡ ದಿನಗಳು ನನಗೆ ಬಹಳ ಇಲ್ಲ. ಅದಕ್ಕೇ ಆ ಮಜ್ಜಿಗೆಯ ರುಚಿ ಈಗಲೂ ನೆನಪಿದೆ.

ನಾಲ್ಕು ತಿಂಗಳಾಯಿತು. ಕಪಾಟಿನ ಧೂಳು ಒರೆಸುವ ದಿನ. ನಾನು ಪಟ್ಟಿ ಓದುತ್ತಿದ್ದೆ, ಯಮನೂರಪ್ಪ ಒಂದೊಂದೇ ಸೀಸೆ ಇಳಿಸಿ ಒರೆಸಿ ಇಡುತ್ತಿದ್ದ. ನಡುವೆ ಅವನ ಕೈ ನಿಂತಿತು. ತಲೆ ಎತ್ತಿದರೆ ಅವನು ಕಿಟಕಿಯ ಬಳಿ ಹೋಗಿ, ಎರಡು ಸೀಸೆಗಳನ್ನು ಬಿಸಿಲಿಗೆ ಹಿಡಿದು ನಿಂತಿದ್ದ. ಎರಡರಲ್ಲೂ ಹಳೆಯ ತಾಮ್ರದ ಮೇಲೆ ಹಸಿರು ಕಟ್ಟಿದಂಥ ಒಂದೇ ಬಣ್ಣ.

ಹನ್ನೊಂದು ವರ್ಷದಲ್ಲಿ ಒಂದೇ ಬಣ್ಣದ ಎರಡು ಸೀಸೆ ನಾನು ನೋಡಿರಲಿಲ್ಲ. ನೋಡಲು ಸಾಧ್ಯವಿಲ್ಲ ಎಂದೂ ಗೊತ್ತಿತ್ತು. ಆದರೆ ಯಾಕೆ ಸಾಧ್ಯವಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಿತು, ತಪ್ಪಿಸಿಕೊಂಡ ಪಾಠ ಅಷ್ಟೂ ಒಂದೇ ಏಟಿಗೆ. ಊರಲ್ಲಿ ಇಬ್ಬರ ಮಾತು ಒಂದೇ ಇರಬಹುದು, ಎಷ್ಟೋ ಜನರದು ಇರಬಹುದು. ಹರಳು ಬೇರೆಯಾದರೆ ಬಣ್ಣವೂ ಬೇರೆಯಾಗುತ್ತದೆ, ಅದು ಯಾರಿಗೂ ತಿಳಿಯುವುದಿಲ್ಲ. ಅದನ್ನು ಮುಚ್ಚಿಡಲಿಕ್ಕೇ ಹರಳು ಇದ್ದದ್ದು. ನಾನು ಮುಚ್ಚಳ ತೆಗೆದು ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದೆ.

"ಒಂದು ನಂದ ಅಕ್ಕಾರ," ಎಂದ ಯಮನೂರಪ್ಪ. "ಇನ್ನೊಂದು ನಿಂಬೆವ್ವಂದು."

ನಿಂಬೆವ್ವ ಅವನ ಹೆಂಡತಿ. ಎರಡು ವರ್ಷದ ಹಿಂದೆ ಅವನನ್ನು ಬಿಟ್ಟು, ಕಮಾನು ಓಣಿಯಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಮಾಡಿಕೊಂಡಿದ್ದಾಳೆ. ಬಿಟ್ಟ ಕಾರಣ ಊರಿಗೆ ಗೊತ್ತು. ಗಂಡನಾದರೂ ಹೆಂಡತಿಯ ಒಳಮಾತು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಇವನು ಅವಳ ಕೈ ತಿರುವಿ ಹೇಳಿಸಿಕೊಂಡ. ಆಮೇಲೆ ಅವಳು ಎಲ್ಲಿ ಬಾಗಿಲು ಹಾಕಿಕೊಂಡು ಕೂತರೂ ತೆರೆದು ಒಳಗೆ ಬರುತ್ತಿದ್ದ. ಒಂದು ದಿನ ಅವಳ ಹೊಲಿಗೆ ಮಷೀನಿನ ಚಕ್ರವನ್ನೇ ಮುರಿದ. ಹಾಗೆಂದು ಅವನು ಕಚೇರಿಯಲ್ಲಿ ಕೆಟ್ಟವನಲ್ಲ. ನನ್ನ ಚಹಾಕ್ಕೆ ತಾನೇ ಶುಂಠಿ ಜಜ್ಜಿ ಹಾಕುವವನು. ಈ ಎರಡನ್ನೂ ಒಂದೇ ಮನುಷ್ಯನಲ್ಲಿ ಹೇಗೆ ಇಟ್ಟು ನೋಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

"ಅಕಿ ಹೋದ ಮ್ಯಾಲೆ ಅಕಿ ಹಳೇ ಮಾತನ್ನ ನಾನು ಇಟ್ಕೊಂಡೆ ಅಕ್ಕಾರ," ಎಂದ. "ದಿನಾ ಬಾಗಲಾ ತೆರಿಯೋವಾಗ ನೆನಪಾಗಲಿ ಅಂತ. ಅಕಿ ಅಂತೂ ಬದಲು ಮಾಡಿರ್ತಾಳ, ನನ್ನಂಥಾವನಿಗೆ ಗೊತ್ತಿರೋ ಮಾತು ಯಾರರ ಇಟ್ಕೋತಾರೇನು ಅಂತ ತಿಳಿದಿದ್ದೆ. ಬದಲು ಮಾಡಿಲ್ಲ ನೋಡ್ರಿ! ಅದ ಮಾತು! ನನಗ ಬಾ ಅಂದಂಗ ಅಲ್ಲೇನು?"

"ಇಲ್ಲೋ ಯಮನೂರಪ್ಪಾ, ಅದು ಉಪ್ಪಿನ ತಪ್ಪು," ಎಂದೆ.

"ಉಪ್ಪು ಕುಟ್ಟಿದಾಂವ ನಾನ ಅಲ್ಲೇನ್ರಿ? ಒಂದ ಗಟ್ಟಿ, ಒಂದ ಒರಳು. ಉಪ್ಪು ಒಂದ ಆದ ಮ್ಯಾಲೆ ಬಣ್ಣಾ ಒಂದ ಬರಬೇಕಾದ್ರ ಮಾತೂ ಒಂದ ಇರಬೇಕು." ಅವನು ಸಂಜೆ ಶಾಲೆಗೂ ಹೋದವನಲ್ಲ. ನನಗೆ ನಾಲ್ಕು ತಿಂಗಳು ಹಿಡಿದದ್ದು ಅವನಿಗೆ ಒಂದು ಗಳಿಗೆಯಲ್ಲಿ ತಿಳಿದಿತ್ತು. "ನಾಳೆ ರಜಾ ಹಾಕ್ತೀನಿ. ಕ್ಷೌರ ಮಾಡಿಸ್ಕೊಂಡು, ಅಕಿ ಮಷೀನಿಗೆ ಹೊಸಾ ಬೆಲ್ಟ್ ತಗೊಂಡು, ಸಂಜಿ ಮುಂದ ಹೋಗ್ತೀನಿ. ಬಾಗಲಾ ತೆಗದ ಒಳಗ ಕುಂತಿರ್ತೀನಿ. ಅಕಿ ಅಂಗಡಿಯಿಂದ ಬಂದು ನೋಡಿದ್ರ ಹ್ಯಾಂಗ ಆಗಬೇಡಾ!"

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಅಷ್ಟು ಸಂತೋಷ ಇತ್ತು. ನಾನು ಪಟ್ಟಿ ಕೆಳಗಿಟ್ಟು ಎದ್ದದ್ದು ಅದನ್ನು ನೋಡಿಯೇ.

ಮಹಾರುದ್ರಪ್ಪನವರ ಮುಂದೆ ಹೋಗಿ ಎಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಸಾವಂತ್ರಿಬಾಯಿ, ನೀವು ಹೇಳೂದು ಖರೆ ಇದ್ರೂ ಇರಬಹುದು. ಆದ್ರ ನಲವತ್ತೊಂದು ಮಂದೀನ ಕರದು, ನಿಮ್ಮ ಸೀಸೆ ಸರಿ ಇಲ್ಲ ಅಂದ್ರ ನಾಳೆ ಊರ ಮಂದಿ ಎಲ್ಲಾ ಬಂದು ಕುಂದರ್ತಾರ. ಇನ್ನ ಐದು ತಿಂಗಳಿಗೆ ಹ್ಯಾಂಗೂ ಎಲ್ಲಾರೂ ಉಪ್ಪು, ಪುಡಿ ಬದಲು ಮಾಡೂ ವ್ಯಾಳ್ಯಾ ಬರತೈತಿ. ಅಲ್ಲೀತನಕ ಕಪಾಟಿಗೆ ಒಂದು ಪರದೆ ಹಾಕ್ರಿ."

"ಆ ಹೆಣ್ಮಗಳ ಮನಿಗೆ ಅಂವ ನಾಳೇನ ಹೋಗ್ತಾನ್ರೀ," ಎಂದೆ.

"ಗಂಡಾ ಹೆಂಡತಿ ಜಗಳದಾಗ ಕಚೇರಿ ಯಾಕ? ಹೋಗ್ರಿ, ಪರದೆ ಹಾಕ್ರಿ. ಅಂದಂಗ, ಒಂದ ಗಟ್ಟಿ ಕುಟ್ಟಿದ್ದು ನಿಮ್ಮ ಅಪ್ಪಣೆ ಮ್ಯಾಲೆ, ಅಲ್ಲ?"

ಹೌದೆಂದೆ. ಪರದೆ ಹಾಕಿದೆ. ಹಾಕಿದ ಮೇಲೆ ಅದರ ಮುಂದೆ ಸುಮ್ಮನೆ ನಿಂತೆ. ಹಿರಿಯರು ಹೇಳಿದ್ದನ್ನು ಮೀರಿದವಳಲ್ಲ ನಾನು. ಮೀರಿದರೆ ಸರಿಯೋ, ಮೀರದಿದ್ದರೆ ಸರಿಯೋ ಎಂದು ಎಣಿಸುತ್ತ ಊಟದ ಡಬ್ಬಿ ತೆರೆದೆ, ಮುಚ್ಚಿದೆ. ಕೊನೆಗೆ ಧೈರ್ಯದಿಂದಲ್ಲ, ಕೂತಲ್ಲಿ ಕೂರಲಾಗದೆ ಎದ್ದು ಹೋದೆ.

ಕಮಾನು ಓಣಿಯ ಬಾಯಲ್ಲಿರುವ ಬಟ್ಟೆ ಅಂಗಡಿಯ ಜಗಲಿಯಲ್ಲಿ ನಿಂಬೆವ್ವ ಮಷೀನು ತುಳಿಯುತ್ತಿದ್ದಳು. ನನ್ನನ್ನು ನೋಡಿ, "ಬರ್ರಿ ಅಕ್ಕಾ. ಜಂಪರ್ ಏನ್ರಿ? ತೋಳು ಉದ್ದ ಇಡಲ್ಯಾ, ಗಿಡ್ಡ ಇಡಲ್ಯಾ?" ಎಂದಳು.

ನಾನು ನಿಂತೇ ಹೇಳಿದೆ. ಅಲ್ಲಲ್ಲಿ ತಡವರಿಸಿದೆ. ಉಪ್ಪಿನ ಗಟ್ಟಿ, ಒರಳು, ಸೀಸೆ, ನಾಳೆ ಸಂಜೆ. ಅವಳ ಕಾಲು ನಿಂತಿತು, ಚಕ್ರ ತಾನಾಗಿ ಇನ್ನೆರಡು ಸುತ್ತು ತಿರುಗಿ ನಿಂತಿತು.

"ಅಂವ ನನ್ನ ಮಾತು ಇಟ್ಕೊಂಡಾನು?" ಎಂದಳು ಮೊದಲು. ಆಮೇಲೆ, "ನಾಚಿಕಿ ಇಲ್ಲದಾಂವ," ಎಂದಳು.

"ನೀನು ಯಾಕ ಬದಲು ಮಾಡಲಿಲ್ಲವ್ವಾ?" ಎಂದೆ. ಕೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತು.

"ಯಾಕ ಮಾಡಬೇಕ್ರಿ? ಆ ಮಾತು ನಮ್ಮ ಆಯಿ ನನಗ ಕೊಟ್ಟಿದ್ದು. ನಾನು ತೊಟ್ಟಿಲದಾಗ ಇದ್ದಾಗ ಅಕಿ ನನ್ನ ಹಂಗ ಕರೀತಿದ್ದಳು. ಅಂವ ಕೈ ತಿರುವಿದಾ ಅಂತ ಅದು ಅಂವಂದು ಆತೇನು? ಎಲ್ಲಾರೂ ಬದಲು ಮಾಡಿರ್ತಾಳ ಅಂತ ತಿಳಕೋತಾರ. ತಿಳಕೊಳ್ಳಲಿ, ಅದ ನನಗ ಚಿಲಕ ಅಂತ ಇದ್ದೆ. ಕೂಗೂ ಬಾಗಲದ ಮುಂದ ನಿಂತು ಯಾವ ಗಂಡಸು ಊಹಾ ಮಾಡ್ತಾನ? ಎರಡು ವರ್ಷ ಅಂವಗ ಧೈರ್ಯ ಬಂದಿಲ್ಲ. ಈಗ ನೀವು ತಂದುಕೊಟ್ರಿ."

"ಹೊಸಾ ಹರಳು ಬಂದಾವ. ನಾಳೆ ಮುಂಜಾನೆ ಬಾ. ನಾನ ಮಾಡಿಕೊಡ್ತೀನಿ."

"ಹರಳು ಹೊಸಾದು ಆದ್ರ ಏನಾತು? ಮಾತು ಅಂವಗ ಗೊತ್ತಾತಲ್ಲ."

ಬರುವ ದಾರಿಯುದ್ದಕ್ಕೂ ಹೊಸ ಹರಳು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳು ಹೇಳಿದ್ದೇ ಖರೆ. ಹರಳು ಬದಲಾದರೆ ಸಾಲದು. ಮಾತೇ ಬದಲಾಗಬೇಕು.

"ತಪ್ಪು ಮಾಡಿದಾಂವ ಅಂವ," ಎಂದಳು ನಿಂಬೆವ್ವ, ಹೊಲಿಗೆಯ ದಾರವನ್ನು ಹಲ್ಲಿನಿಂದ ಕಡಿದು. "ಅದರ ಮ್ಯಾಲೆ ತಪ್ಪು ಮಾಡಿದಾಕಿ ನೀವು. ಮಾತು ಬಿಡಬೇಕಾದಾಕಿ ಮಾತ್ರ ನಾನು. ಹೌದಲ್ರಿ?"

"ಹೌದವ್ವಾ," ಎಂದೆ.

"ಹೋಗ್ರಿ ಇನ್ನ. ಗಿರಾಕಿ ಬರೋ ಹೊತ್ತು."

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಅನುಕಂಪ ಕೇಳಿದಂತಾಗುತ್ತದೆ, ಬಿಡುತ್ತೇನೆ. ಮರುದಿನ ಕಚೇರಿ ತೆರೆಯುವ ಮೊದಲೇ ಹೋಗಿ ಹರಳಿನ ಬುಟ್ಟಿಯ ಮುಂದೆ ಕೂತೆ. ಒಂದನ್ನು ಆರಿಸಿದೆ, ಅದು ಸರಿಯಿಲ್ಲ ಅನ್ನಿಸಿ ಇನ್ನೊಂದನ್ನು ಆರಿಸಿದೆ. ಯಾವುದಾದರೂ ನಡೆಯುತ್ತದೆ, ಇನ್ನೊಬ್ಬರದಾಗಿರದಿದ್ದರೆ ಸಾಕು. ಆದರೂ ಆರಿಸುತ್ತಲೇ ಇದ್ದೆ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಅವಳು ಬರಲಿಲ್ಲ. ನಾನು ಅವಳಿಗೆ ಸರಿಯಾಗಿ ಹೇಳಲಿಲ್ಲವೇನೋ, ಸಂಜೆ ಎಂದದ್ದು ಅವಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಟ್ಟೆ. ಮಹಾರುದ್ರಪ್ಪನವರು ಕನ್ನಡಕದ ಮೇಲಿಂದ ನೋಡಿದರು.

ಹನ್ನೆರಡಕ್ಕೆ ಅವಳು ಬಂದಳು. ಸೆರಗಿಗೆ ದಾರದ ತುಣುಕುಗಳು ಅಂಟಿಕೊಂಡಿದ್ದವು. ಕಟ್ಟೆಯ ಮೇಲೆ ಕೈಯಿಟ್ಟು, "ಹೂಂ, ಹಾಕ್ರಿ ನಿಮ್ಮ ಉಪ್ಪು," ಎಂದಳು. ಹರಳು ಮುರಿದು ಹಾಕಿದೆ. ಕಿವಿಗೆ ಅರಳೆ ಇಟ್ಟು ಗೋಡೆಗೆ ತಿರುಗಿದೆ. ಸಾಮಾನ್ಯವಾಗಿ ಜನಕ್ಕೆ ಎರಡು ಉಸಿರಿನ ಹೊತ್ತು ಸಾಕು. ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಗೋಡೆಯ ಸುಣ್ಣದಲ್ಲಿ ಇದ್ದ ಬಿರುಕನ್ನು ಮೇಲಿನಿಂದ ಕೆಳಗಿನವರೆಗೆ ಮೂರು ಸಲ ನೋಡಿದೆ. ಕೊನೆಗೆ ಬೆನ್ನಿಗೆ ಬೆರಳು ತಾಗಿತು. ಪುಡಿ ಹಳದಿಯೂ ಅಲ್ಲದ ಕೆಂಪೂ ಅಲ್ಲದ ಬಣ್ಣದ್ದಾಗಿತ್ತು. ಅವಳು ಅದನ್ನು ಯಾರದೋ ಬಟ್ಟೆ ನೋಡಿದ ಹಾಗೆ ನೋಡಿ, ಪೊಟ್ಟಣ ಕಟ್ಟಿಸಿಕೊಂಡು ಹೋದಳು.

ಸಂಜೆ ನಾನೂ ಕಮಾನು ಓಣಿಗೆ ಹೋದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಚೌಕಟ್ಟಿಗೆ ಪುಡಿ ತುಂಬಿದ್ದಾಳೋ ಇಲ್ಲವೋ, ನಾನು ಪೊಟ್ಟಣದಲ್ಲಿ ಅರ್ಧ ಸರಿಯಾಗಿ ಹಾಕಿದ್ದೇನೋ ಇಲ್ಲವೋ ಎಂಬ ಭಯ ಮಾತ್ರ ಇತ್ತು. ಯಮನೂರಪ್ಪ ಬಂದ. ಹೊಸ ಕ್ಷೌರ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದ ಸುತ್ತಿದ ಬೆಲ್ಟು. ಗೂಡಿನಿಂದ ಉಪ್ಪು ತೆಗೆದು ಕಲ್ಲಿಗೆ ಹಾಕಿ, ಬಗ್ಗಿ, ಕಣ್ಣು ಮುಚ್ಚಿ ಹೇಳಿದ.

ಬಾಗಿಲು ಕೂಗಿತು.

ಓಣಿಯ ಜನ ರೊಟ್ಟಿಯ ಹಿಟ್ಟಿನ ಕೈಯಲ್ಲಿ, ಅರ್ಧ ತಲೆ ಬಾಚಿದವರು, ಹೊರಗೆ ಬಂದರು. "ಯಾವಾಂವಲೇ ಅಂವ?" "ನಿಂಬೆವ್ವನ ಗಂಡ." "ಗಂಡ ಆದ್ರೂ ಬಾಗಲಾ ಕಳ್ಳಾ ಅಂತೈತಲ್ಲ!" ಯಮನೂರಪ್ಪ ಸುತ್ತ ನೋಡಿದ. "ಇಲ್ರಿ, ನಾ ಹೇಳಿದ್ದು ಸರಿ ಐತಿ! ಬಾಗಲಾ ತಪ್ಪೈತಿ!" ಎಂದ. ಯಾರೂ ನಂಬಲಿಲ್ಲ. ಆಗ ಅವನು ತಾನು ಸುಳ್ಳನಲ್ಲ ಎಂದು ತೋರಿಸಲಿಕ್ಕೆ ಆ ಮಾತನ್ನು ಗಟ್ಟಿಯಾಗಿ ಹೇಳಿದ. ಬಾಗಿಲಿನ ಕೂಗನ್ನು ಮೀರಿಸಿ ಮತ್ತೆ ಹೇಳಿದ, ಮತ್ತೊಮ್ಮೆ ಹೇಳಿದ. ತೊಟ್ಟಿಲ ಕೂಸನ್ನು ಕರೆಯುವ ಸಣ್ಣ ಮಾತು. ಗಂಡಸಿನ ಗಂಟಲಲ್ಲಿ ಅದು ವಿಚಿತ್ರವಾಗಿ ಕೇಳಿತು. ಯಾರೋ ಕಿಸಕ್ಕೆಂದು ನಕ್ಕರು. ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಓಣಿಗೆಲ್ಲ ಗೊತ್ತಿದೆ. ನಾನೊಬ್ಬಳಾದರೂ ಬರೆಯದೆ ಇರಬಹುದು.

ನಿಂಬೆವ್ವ ಜನರ ಹಿಂದೆ ನಿಂತಿದ್ದಳು. ಅಂಗಡಿಯಿಂದ ಆಗಷ್ಟೇ ಬಂದಿರಬೇಕು. ಜನ ದಾರಿ ಬಿಟ್ಟರು. ಅವಳು ಅವನ ಕೈಯಲ್ಲಿದ್ದ ಪೊಟ್ಟಣ ನೋಡಿ, "ಏನದು?" ಎಂದಳು.

"ಬೆಲ್ಟು. ನಿನ್ನ ಮಷೀನಿಗೆ."

"ಆ ಮಷೀನು ನೀ ಮುರದಿ. ಈಗಿಂದಕ್ಕ ಆ ಅಳತಿ ಕೂಡೂದಿಲ್ಲ. ಹೋಗು."

ಅವನು ಹೋದ. ಓಣಿಯ ತಿರುವಿನಲ್ಲಿ ನನ್ನನ್ನು ಕಂಡು ನಿಂತು, "ನೀವ ಅಕಿಗೆ ಹೇಳಿದ್ರಲ್ಲ ಅಕ್ಕಾರ," ಎಂದ. ಪ್ರಶ್ನೆಯಲ್ಲ, ದೂರೂ ಅಲ್ಲ. ಹೌದೆಂದೆ. ಮಾರನೆಯ ದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಉಳಿದ ಮೂವತ್ತೊಂಬತ್ತು ಮನೆಗಳಿಗೆ ನಾನೇ ಹೋಗಿ ಹೇಳಿದೆ. ಕೆಲವರು ಬೈದರು. ಮಜ್ಜಿಗೆ ಕೊಟ್ಟಿದ್ದಾಕೆ ಬಾಗಿಲಿನಿಂದಲೇ ಕಳಿಸಿದಳು. ಮಹಾರುದ್ರಪ್ಪನವರು ನನ್ನನ್ನು ಕಟ್ಟೆಯಿಂದ ತೆಗೆದು ಹಿಂದಿನ ಅಂಗಳಕ್ಕೆ, ಹರಳು ಬಿಡಿಸುವ ಕೆಲಸಕ್ಕೆ ಹಾಕಿದರು. ಒಂದು ಹರಳು, ಒಂದು ಕಾಗದ. ಒಂದು ಹರಳು, ಒಂದು ಕಾಗದ. ಇಟ್ಟದ್ದನ್ನು ಮತ್ತೆ ಬಿಚ್ಚಿ, ಒಂದೇ ಇದೆಯೇ ಎಂದು ನೋಡುತ್ತೇನೆ. ಎರಡಿದ್ದ ದಿನ ಇನ್ನೂ ಬಂದಿಲ್ಲ, ಆದರೂ ಬಿಚ್ಚುತ್ತೇನೆ.

ಹೋದ ಗುರುವಾರ ಅಂಗಳದಲ್ಲಿದ್ದಾಗ ಕಮಾನು ಓಣಿಯ ಕಡೆಯಿಂದ ಬಾಗಿಲು ಕೂಗುವ ಸದ್ದು ಕೇಳಿತು. ಓಡಿದೆ. ಯಮನೂರಪ್ಪ ಮತ್ತೆ ಬಂದನೆಂದೇ ತಿಳಿದಿದ್ದೆ. ಹೋಗಿ ನೋಡಿದರೆ ಬಾಗಿಲ ಮುಂದೆ ನಿಂಬೆವ್ವನೇ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು, ಬೆರಳಲ್ಲಿ ಉಪ್ಪು. ಅವಳ ಮನೆಯ ಬಾಗಿಲು ಅವಳ ಮೇಲೆ ಕೂಗುತ್ತಿತ್ತು.

"ಏನವ್ವಾ, ನಿನ್ನ ಮನಿಗೆ ನೀನ ಕನ್ನಾ ಹಾಕಾಕತ್ತೀಯೇನು?" ಎಂದು ಎದುರು ಮನೆಯಾಕೆ ನಕ್ಕಳು. ನಗೆಯಲ್ಲಿ ಕೆಟ್ಟದ್ದೇನಿರಲಿಲ್ಲ. ಇದು ನಾಲ್ಕನೆಯ ಸಲ ಎಂದು ಯಾರೋ ನನಗೆ ಹೇಳಿದರು. ದಣಿದು ಬಂದ ದಿನ ಬಾಯಿಗೆ ಹಳೆಯದೇ ಬರುತ್ತದಂತೆ. ಬಾಗಿಲು ಕೂಗಿ ಕೂಗಿ ಸುಮ್ಮನಾಯಿತು, ಜನ ಒಳಗೆ ಹೋದರು. ನಾನು ಹೋಗಲಾಗದೆ ನಿಂತೆ.

"ನೀವು ಯಾಕ ಬಂದ್ರಿ?" ಎಂದಳು, ನನ್ನ ಕಡೆ ನೋಡದೆ.

"ಕೂಗು ಕೇಳಿಸ್ತು."

ಅವಳು ಗೂಡಿನಿಂದ ಮತ್ತೆ ಒಂದು ಚಿಟಿಕೆ ಉಪ್ಪು ತೆಗೆದಳು. ಬಗ್ಗಿದಳು. ಎದ್ದಳು. ಮತ್ತೆ ಬಗ್ಗಿದಳು. ತುಟಿ ಅಲ್ಲಾಡಲಿಲ್ಲ.

"ಬಂದೀರಲ್ಲ, ಹಂಗ ನಿಂದ್ರಬ್ಯಾಡ್ರಿ," ಎಂದಳು. "ಆ ಕಡೆ ತಿರುಗ್ರಿ."

ತಿರುಗಿದೆ. ಅರಳೆ ಇರಲಿಲ್ಲ, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡೆ. ಎದುರಿಗೆ ಬೆಂಕಿಯಲ್ಲಿ ಕಪ್ಪಾದ ಗೋಡೆ, ಅದರ ಬುಡದಲ್ಲಿ ಒಂದು ಬೆಕ್ಕು ಕಾಲು ನೆಕ್ಕಿಕೊಳ್ಳುತ್ತಿತ್ತು. ಅದು ಒಂದು ಕಾಲು ಮುಗಿಸಿ ಇನ್ನೊಂದಕ್ಕೆ ಬಂದಿತು. ಬೆನ್ನ ಹಿಂದೆ ಬಾಗಿಲು ಕೂಗಿದರೆ ಅಂಗೈ ಮೀರಿ ಕೇಳುತ್ತದೆ ಎಂದು ಗೊತ್ತಿತ್ತು. ಕೂಗಲಿಲ್ಲ. ಬಾಗಿಲು ತೆರೆಯಿತೋ, ಅವಳು ಇನ್ನೂ ಉಪ್ಪು ಹಿಡಿದು ನಿಂತೇ ಇದ್ದಾಳೋ ತಿಳಿಯಲಿಲ್ಲ. ಯಾರೂ ನನ್ನ ಬೆನ್ನು ಮುಟ್ಟಲಿಲ್ಲ. ತಿರುಗಿ ನೋಡಬಹುದೇ ಎಂದು ಕೇಳುವ ಧೈರ್ಯ ಬರದೆ, ಬೆಕ್ಕು ಎದ್ದು ಹೋದ ಮೇಲೂ ಹಾಗೆಯೇ ನಿಂತಿದ್ದೆ.